ಬೆನ್ನ ಮೇಲಿನ ಬಕಲ್

“ಎದೆ ಮೇಲಿರಬೇಕಾದ ಗುರುತು ಬೆನ್ನ ಮೇಲೆ ಯಾಕಿದೆ, ತೇಪೆಯಣ್ಣ?”

ಇನ್‌ಸ್ಪೆಕ್ಟರಮ್ಮ ಫೋಟೋವನ್ನು ದೋಣಿಮನೆಯ ಮೇಜಿನ ಮೇಲೆ ಇಟ್ಟಳು. ಸತ್ತವನ ಬೆನ್ನು. ಬೆನ್ನುಮೂಳೆಯ ಗುಂಟ ಒಂದರ ಕೆಳಗೊಂದು ಮೂರು ನೀಲಿ ಕಲೆಗಳು. ಪಕ್ಕದಲ್ಲೇ ಅವನ ಮೈಮೇಲಿದ್ದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹರಡಿದಳು. ಅದರ ಮುಂಭಾಗದಲ್ಲಿ ಫೋಮ್ ತುಂಬಿದ ಎರಡು ದಪ್ಪ ದಿಂಬು, ನಡುವೆ ಸಂದು, ಆ ಸಂದಿನಲ್ಲಿ ಮೂರು ಬಕಲ್. ಫೋಟೋದ ಹಿಂದೆ ಡಾಕ್ಟರು ಬರೆದುಕೊಟ್ಟ ಅಳತೆಯನ್ನು ಓದಿ, ಬಕಲ್‌ಗಳ ಮೇಲೆ ಟೇಪು ಹಿಡಿದು ತೋರಿಸಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಸಾಲದೆಂದು ಮತ್ತೊಮ್ಮೆ ಹಿಡಿದಳು. ಬೀಗ ಹಾಕಿದ ಮೇಲೂ ಮೂರು ಸಲ ಎಳೆದು ನೋಡುವ ಜಾಯಮಾನ ಅವಳದು.

ತೇಪೆಯಣ್ಣ ಫೋಟೋದ ಕಡೆ ನೋಡಲಿಲ್ಲ. ತೂತಾದ ದೋಣಿ, ಹರಿದ ಜಾಕೆಟ್, ಸೀಳಿದ ಹುಟ್ಟು, ಏನೇ ಕೊಟ್ಟರೂ ತೇಪೆ ಹಾಕಿ ಇನ್ನೊಂದು ವರ್ಷ ಓಡಿಸುವ ಈ ದೋಣಿಮನೆ ಯಜಮಾನನಿಗೆ ಆ ಹೆಸರು ಸುಮ್ಮನೆ ಬಂದಿರಲಿಲ್ಲ. ಈಗ ಅವನು ಅಂಟಿನ ಡಬ್ಬಿಯ ಮುಚ್ಚಳವನ್ನು ಹಾಕುತ್ತಿದ್ದ, ತೆಗೆಯುತ್ತಿದ್ದ.

“ಕಯಾಕ್ ಮಗುಚಿದಾಗ ಎಲ್ಲೋ ತಾಗಿರ್ಬೇಕು ಮೇಡಂ.”

“ಅಳತೆ ಹಿಡ್ಕೊಂಡು ತಾಗ್ತಾ?”

ಬಾಗಿಲಲ್ಲಿ ನಿಂತಿದ್ದ ಪೇದೆ ಉದ್ದಣ್ಣ ಫಕ್ಕನೆ ನಕ್ಕ. ನಗುವ ವಿಷಯವೇ ಆಗಿತ್ತು ಅದು, ಊರಿಗೆಲ್ಲ. ನೀರಿಗಿಳಿಯುವಾಗ ಜಾಕೆಟ್ ಹಾಕೋದು ಮೀನಿಗೆ ಕೊಡೆ ಹಿಡಿದ ಹಾಗೆ ಎಂದು ಜೀವಮಾನವಿಡೀ ಗೇಲಿ ಮಾಡಿದ ಈಜು ಮೇಷ್ಟ್ರು, ಹೋದ ವಾರ ಕೆರೆಯಲ್ಲಿ ಮುಳುಗಿ ಸತ್ತಿದ್ದರು. ಮೈಮೇಲೆ ಜಾಕೆಟ್ ಇತ್ತು. “ಹಾಕಿದ್ದೊಂದೇ ದಿನ, ಅವತ್ತೇ ಹೋದ್ರು” ಎಂದು ಹಜಾಮರ ಅಂಗಡಿಯಲ್ಲಿ ಜನ ಹೊಟ್ಟೆ ಹಿಡಿದು ನಕ್ಕಿದ್ದರು. ಅತ್ತವರು ಯಾರೂ ಇನ್‌ಸ್ಪೆಕ್ಟರಮ್ಮನಿಗೆ ಸಿಕ್ಕಿರಲಿಲ್ಲ. ಮೇಷ್ಟ್ರ ಹೆಂಡತಿ ಕೂಡ ಕೇಳಿದ್ದು ಒಂದೇ ಮಾತು: “ನಿಜವಾಗ್ಲೂ ಹೋದ್ರಾ?”

“ಮೇಡಂ,” ಉದ್ದಣ್ಣ ಗಂಟಲು ಸರಿಮಾಡಿಕೊಂಡ. “ಸಾಹೇಬ್ರು ಮತ್ತೆ ಫೋನ್ ಮಾಡಿದ್ರು. ಸಂಜೆಯೊಳಗೆ ಅಪಘಾತ ಅಂತ ಬರೆದು ಮುಚ್ಚಬೇಕಂತೆ. ಕೊಲೆ ಅಂತೀರಾದ್ರೆ ಸಂಜೆಯೊಳಗೇ ಯಾರನ್ನಾದ್ರೂ ಒಳಗೆ ಹಾಕ್ಬೇಕಂತೆ.”

“ಯಾರನ್ನಾದ್ರೂ ಅಂದ್ರೆ?”

“ಕೈಗೆ ಸಿಕ್ಕಿದವರನ್ನ.”

ಉದ್ದಣ್ಣನ ಕಣ್ಣು ಒಳಕೋಣೆಯ ಬಾಗಿಲ ಕಡೆ ಹೋಯಿತು. ಅದರಾಚೆ ತೇಪೆಯಣ್ಣನ ಮಗಳು ಒದ್ದೆ ಜಾಕೆಟ್‌ಗಳನ್ನು ಗೂಟಕ್ಕೆ ನೇತುಹಾಕುವ ಸದ್ದು ಕೇಳುತ್ತಿತ್ತು. ಆ ಬಾಗಿಲನ್ನು ಅರ್ಧ ತೆರೆದಿಟ್ಟವಳು ಇನ್‌ಸ್ಪೆಕ್ಟರಮ್ಮನೇ. ಬೇಕೆಂದೇ ತೆರೆದಿಟ್ಟಿದ್ದಳು.

“ನನ್ನ ಮಾತು ಕೇಳಿ, ಮುಚ್ಚಿಬಿಡಿ ಮೇಡಂ,” ಉದ್ದಣ್ಣ ಹೇಳಿದ. “ಮೇಷ್ಟ್ರನ್ನ ಕೊಲ್ಬೇಕು ಅಂದ್ಕೊಂಡವರನ್ನೆಲ್ಲ ಹಿಡಿದ್ರೆ ನಮ್ಮ ಸ್ಟೇಷನ್ನೇ ಖಾಲಿ ಆಗುತ್ತೆ. ಅವರ ಕೈಯಲ್ಲಿ ನೀರು ಕುಡಿಯದ ಪೊಲೀಸು ಇಲ್ಲಿ ಯಾರಿದಾರೆ? ತರಬೇತೀಲಿ ಅರ್ಧ ಕೆರೆ ನಾನೊಬ್ಬನೇ ಕುಡಿದಿದೀನಿ. ನನ್ನ ತಮ್ಮನೂ ಅವರ ಹತ್ರಾನೇ ಸೇರಿದ್ದ.”

“ಕಲಿತನಾ?”

“ಇಲ್ಲ. ಕಲಿಯೋಕೆ ಅವನು ಉಳೀಲಿಲ್ಲ.”

ಅವನು ಟೋಪಿಯನ್ನು ನೆಟ್ಟಗೆ ಮಾಡಿಕೊಂಡ. ಗೆರೆ ಎದ್ದು ಕಾಣುವ ಇಸ್ತ್ರಿ, ಹೊಳೆಯುವ ಬೂಟು, ತುದಿ ಎಲ್ಲಿ ಹೋಯಿತೆಂದೇ ಗೊತ್ತಾಗದ ಬೆಲ್ಟು. ಉದ್ದಣ್ಣನ ಮೈಮೇಲೆ ಜೋತಾಡುವ ವಸ್ತು ಒಂದೂ ಇರುತ್ತಿರಲಿಲ್ಲ. ಸ್ಟೇಷನ್ನಿಗೆ ಹೊಸದಾಗಿ ಬಂದಾಗ ಅವಳಿಗೆ ಎಲ್ಲವನ್ನೂ ತೋರಿಸಿಕೊಟ್ಟವನು ಅವನು. ನಂಬಬಹುದಾದ ಮನುಷ್ಯ ಎಂದು ಅವಳು ಮೊದಲ ದಿನವೇ ತೀರ್ಮಾನಿಸಿದ್ದಳು. ತೀರ್ಮಾನಗಳನ್ನು ಮೂರು ಸಲ ಎಳೆದು ನೋಡುವವಳು ಅದೊಂದನ್ನು ನೋಡಿರಲಿಲ್ಲ.

“ನೀವು ದೋಣಿಕಟ್ಟೆಗೆ ಹೋಗಿ ಉದ್ದಣ್ಣ. ಮೆಟ್ಟಿಲು ಮುಗಿಯೋ ಕಡೆ ನೀರು ಎಷ್ಟು ಆಳ ಇದೆ ನೋಡಿ.”

ಅವನ ಬೂಟಿನ ಸದ್ದು ಹಲಗೆಗಳ ಮೇಲೆ ದೂರ ಹೋಗುವವರೆಗೂ ಅವಳು ಕಾದಳು.

“ಕಯಾಕ್ ಮಗುಚೇ ಇಲ್ಲ, ತೇಪೆಯಣ್ಣ. ಜೊಂಡಿನಲ್ಲಿ ನೆಟ್ಟಗೆ ನಿಂತಿತ್ತು. ಒಬ್ಬನೇ ಕೂರೋ ದೋಣಿ, ಒಳಗೆ ಒಂದು ತಟ್ಟೆ ನೀರೂ ಇರಲಿಲ್ಲ. ಗಾಳದ ಕೊಕ್ಕೆ ಅದರ ಕೋಲಿನ ಬಳೆಗೆ ಸಿಕ್ಕಿಸಿದ ಹಾಗೇ ಇತ್ತು. ಎರೆಹುಳದ ಡಬ್ಬಿ ಮುಚ್ಚಿದ ಹಾಗೇ ಇತ್ತು. ಮೀನು ಹಿಡಿಯೋಕೆ ಅಂತ ಹೋದ ಮನುಷ್ಯ ಒಂದು ಸಲಾನೂ ಗಾಳ ಬೀಸದೆ ದಡಕ್ಕೆ ಬಂದಿದಾರೆ. ಅಂದ್ರೆ ಯಾರೋ ಕರೆದಿದಾರೆ. ಕರೆದ್ರೆ ಬರಲೇಬೇಕು ಅನ್ನಿಸುವಂಥವರು.”

“ನನಗೇನು ಗೊತ್ತು ಮೇಡಂ?”

“ಕಿವಿ ಹಿಂದೆ ಒಂದು ಏಟು ಬಿದ್ದಿದೆ. ಪ್ರಜ್ಞೆ ತಪ್ಪಿಸೋಕೆ ಸಾಕು, ಸಾಯಿಸೋಕೆ ಸಾಲದು. ಆಮೇಲೆ ಈ ಜಾಕೆಟ್. ಹೆಣ ಮೊದಲು ನೋಡಿದವನು ನೀನು. ಜಾಕೆಟ್ ಹಾಕಿದವನೂ ನೀನೇನಾ?”

ಮುಚ್ಚಳ ತಿರುಗಿಸುವುದು ನಿಂತಿತು.

“ಹೌದು,” ಎಂದ ತೇಪೆಯಣ್ಣ. ಭಾರ ಇಳಿಸಿದವನ ಹಾಗೆ ಕೂತ. “ನಾನೇ ಹಾಕಿದೆ. ಸತ್ತ ಮೇಲೆ. ಹೊರಗೆ ಬೋರ್ಡ್ ನೋಡಿದೀರಲ್ಲ? ಜಾಕೆಟ್ ಇಲ್ಲದೆ ಯಾರನ್ನೂ ನೀರಿಗೆ ಬಿಡೋ ಹಾಗಿಲ್ಲ. ಮೇಷ್ಟ್ರು ದಿನಾ ಅದನ್ನ ಕಯಾಕಿನ ಬಾಲಕ್ಕೆ ಕಟ್ಕೊಂಡು ಹೋಗೋರು, ಮೈಗೆ ಹಾಕ್ತಿರಲಿಲ್ಲ. ಹಾಗೇ ಸತ್ರು ಅಂತ ಗೊತ್ತಾದ್ರೆ ದೋಣಿಮನೆಗೆ ಬೀಗ. ನಮ್ಮ ಬಾಯಿಗೂ ಬೀಗ. ಅದಕ್ಕೇ ಹಾಕಿದೆ. ತಪ್ಪಾಯ್ತು.”

ಚೆನ್ನಾದ ಸುಳ್ಳು. ಅರ್ಧ ನಿಜದ ಮೇಲೆ ಹಾಕಿದ ತೇಪೆ. ಇನ್‌ಸ್ಪೆಕ್ಟರಮ್ಮನಿಗೆ ಒಂದು ಕ್ಷಣ ನಂಬಿಬಿಡಬೇಕು ಅನ್ನಿಸಿತು. ನಂಬಿದರೆ ಸಂಜೆ ಮನೆಗೆ ಹೋಗಬಹುದಿತ್ತು.

“ಸತ್ತ ಮೈ ನೀಲಿಗಟ್ಟಲ್ಲ, ತೇಪೆಯಣ್ಣ. ರಕ್ತ ಓಡ್ತಿರೋ ಮೈ ಮಾತ್ರ ಕಟ್ಟುತ್ತೆ. ಈ ಬಕಲ್ ಒತ್ತುವಾಗ ಅವರು ಉಸಿರಾಡ್ತಿದ್ರು. ಈಗ ನೀನೇ ಹಾಕಿದೆ ಅಂತ ಒಪ್ಕೊಂಡೆ. ಅಂದ್ರೆ ಏನಾಯ್ತು?”

ತಾನೇ ಹೆಣೆದ ಬಲೆಯಲ್ಲಿ ತಾನೇ ಬಿದ್ದವನಿಗೆ ಕೈಕಾಲು ಆಡಿಸಲೂ ಭಯ.

“ಹೇಳು. ಜೀವ ಇದ್ದವನಿಗೆ ಜಾಕೆಟ್ ಹಿಂದುಮುಂದಾಗಿ ಹಾಕಿ, ಬೆನ್ನಲ್ಲಿ ಬಕಲ್ ಬಿಗಿದು, ನೀರಿಗೆ ತಳ್ಳಿದೆಯಾ? ದಪ್ಪ ಫೋಮ್ ಬೆನ್ನ ಕಡೆ ಬಂದ್ರೆ ಏನಾಗುತ್ತೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?” ಅವಳು ದನಿ ಏರಿಸಿದಳು. ಒಳಕೋಣೆಯವರೆಗೂ ಕೇಳಲಿ ಎಂದೇ ಏರಿಸಿದಳು. “ಮನುಷ್ಯ ಬೋರಲು ತೇಲ್ತಾನೆ. ಮುಖ ನೀರಿನೊಳಗೆ. ಮುಳುಗೋಕೂ ಬಿಡಲ್ಲ, ಏಳೋಕೂ ಬಿಡಲ್ಲ. ಕಾಯೋ ಬೇಲಿನೇ ಹೊಲ ಮೇಯೋದು ಅಂದ್ರೆ ಇದು.”

“ನಾನು ಹಾಕಿಲ್ಲ!” ತೇಪೆಯಣ್ಣ ಕೂಗಿದ. “ನಾನು ನೋಡಿದಾಗ ಹಾಗೇ ಇತ್ತು. ಹಿಂದುಮುಂದಾಗೇ ಇತ್ತು. ಬೋರಲು ಬಿದ್ದಿದ್ರು. ನಾನು ತಿರುಗಿಸಿ ನೆಟ್ಟಗೆ ಹಾಕಿದೆ, ಅಷ್ಟೇ.”

“ಯಾಕೆ?”

ಅವನ ಕಣ್ಣು ಒಳಬಾಗಿಲ ಕಡೆ ಹೊರಳಿತು. ಕುಂಬಳಕಾಯಿ ಕಳ್ಳ ಅಂದರೆ ತನ್ನ ಹೆಗಲು ಮುಟ್ಟಿ ನೋಡಿಕೊಳ್ಳುವವರಿರುತ್ತಾರೆ. ಇವನು ಮಗಳ ಹೆಗಲು ನೋಡಿದ್ದ.

ಮಗಳು ಹೊಸ್ತಿಲಲ್ಲೇ ನಿಂತಿದ್ದಳು. ಕೈಯಲ್ಲಿದ್ದ ಜಾಕೆಟ್‌ನಿಂದ ನೀರು ತೊಟ್ಟಿಕ್ಕುತ್ತಿತ್ತು.

ದೋಣಿಯೇರಲು ಬಂದವರಿಗೆ ಜಾಕೆಟ್ ಬಿಗಿಯುವುದು ಅವಳ ಕೆಲಸ. ಅವಳು ಪಟ್ಟಿ ಎಳೆದರೆ ಉಸಿರಾಡೋಕೂ ಅಪ್ಪಣೆ ಕೇಳಬೇಕು ಎಂದು ಬಂದವರು ತಮಾಷೆ ಮಾಡುತ್ತಿದ್ದರು. ಅವಳು ಮಾತ್ರ ಮೊಣಕಾಲು ಮೀರಿ ನೀರಿಗೆ ಇಳಿದವಳಲ್ಲ. ಯಾಕೆಂದು ಊರಿಗೆಲ್ಲ ಗೊತ್ತಿತ್ತು. ಅವಳು ಚಿಕ್ಕವಳಿದ್ದಾಗ ಈಜು ಮೇಷ್ಟ್ರು ಅವಳ ತಲೆಯನ್ನು ನೀರಿನಲ್ಲಿ ಒತ್ತಿ ಹಿಡಿದಿದ್ದರು. ಮಿಕ್ಕ ಮಕ್ಕಳೆಲ್ಲ ಜೋರಾಗಿ ಒಂದು, ಎರಡು, ಮೂರು ಎಂದು ಎಣಿಸಬೇಕಿತ್ತು. ಹೆದರಿಕೆ ಬಿಡಿಸುವ ಪಾಠ ಅದು. ಅವಳ ಸರದಿಯಲ್ಲಿ ಮಕ್ಕಳು ಹೆದರಿ ಎಣಿಸುವುದನ್ನೇ ನಿಲ್ಲಿಸಿಬಿಟ್ಟಿದ್ದರು. ಆಗ ಮೇಷ್ಟ್ರು ತಾವೇ ನಿಧಾನವಾಗಿ ಎಣಿಸಿದ್ದರು.

“ಅಪ್ಪಾ,” ಎಂದಳು ಮಗಳು. “ನಾನು ಮಾಡಿದೆ ಅಂದ್ಕೊಂಡ್ಯಾ?”

“ಇಲ್ಲ ಕಣಮ್ಮ…”

“ಅಂದ್ಕೊಂಡೆ. ಅದಕ್ಕೇ ಒಂದು ವಾರದಿಂದ ನಾನು ಬಡಿಸಿದ್ದನ್ನ ನನ್ನ ಮುಖ ನೋಡದೆ ತಿಂತಿದೀಯ.” ಅವಳ ದನಿಯಲ್ಲಿ ಅಳು ಇರಲಿಲ್ಲ. “ನಿಜ ಹೇಳ್ಲಾ? ಅವನು ಸತ್ತ ಅಂದಾಗ ಖುಷಿಯಾಯ್ತು. ಕೈಯಲ್ಲಿದ್ದ ಕೆಲಸ ಬಿಟ್ಟು ಕೂತು ನಕ್ಕೆ. ಆದ್ರೆ ನಾನು ಕೊಲ್ಲೋದಾಗಿದ್ರೆ ಜಾಕೆಟ್ ಮುಟ್ಟಿಯೇ ಇರ್ತಿರಲಿಲ್ಲ. ಅದು ನನ್ನ ಕೈಕೆಲಸ. ಅದರಲ್ಲಿ ಯಾಕೆ ಹೊಲಸು ಮಾಡ್ಕೊಳ್ಲಿ?”

“ನಿನ್ನನ್ನ ಕಾಯೋಕೆ ಅಂತ…”

“ಯಾರಿಂದ ಕಾಯ್ದೆ? ಮಾಡಿದವನನ್ನ ಕಾಯ್ದೆ ನೀನು. ಅವನ ಬೆರಳು ತಾಗಿದ ಬಕಲ್‌ನ ನಿನ್ನ ಕೈಯಿಂದ ಒರೆಸಿ ಕೊಟ್ಟೆ. ಈಗ ಸಿಗೋದು ನಿನ್ನ ಬೆರಳು, ನನ್ನ ಬೆರಳು. ಆಯ್ತಾ ಸಮಾಧಾನ?”

ತೇಪೆಯಣ್ಣ ಮೇಜಿನ ಮೇಲೆ ತಲೆಯಿಟ್ಟ. ಎಲ್ಲಕ್ಕೂ ತೇಪೆ ಹಾಕಬಲ್ಲ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು.

ಇನ್‌ಸ್ಪೆಕ್ಟರಮ್ಮನಿಗೆ ತಾನು ಬಾಗಿಲು ತೆರೆದಿಟ್ಟಿದ್ದು ಸರಿಯೇ ತಪ್ಪೇ ಎಂಬುದು ಗೊತ್ತಾಗಲಿಲ್ಲ. ಬೇಕಾದದ್ದು ಸಿಕ್ಕಿತ್ತು. ಸಿಕ್ಕಿದ್ದರಿಂದಲೇ ಈ ಹುಡುಗಿಯ ಕೊರಳಿಗೆ ಹಗ್ಗ ಇನ್ನಷ್ಟು ಹತ್ತಿರ ಬಂದಿತ್ತು. ಹಳೆಯ ಹಗೆ ಇದೆ, ಜಾಕೆಟ್ ಬಿಗಿಯುವ ಕೈ ಇದೆ, ಸಾಕ್ಷ್ಯ ಅಳಿಸಿದ ಅಪ್ಪ ಇದ್ದಾನೆ. ಸಾಹೇಬರಿಗೆ ಇದಕ್ಕಿಂತ ರುಚಿಯಾದ ತುತ್ತು ಬೇಕೇ?

“ತೇಪೆಯಣ್ಣ, ತಲೆ ಎತ್ತು. ಜಾಕೆಟ್ ತಿರುಗಿಸುವಾಗ ಕಷ್ಟ ಆಯ್ತಾ, ಸುಲಭವಾಗಿ ಬಂತಾ?”

“ಕಷ್ಟ ಆಯ್ತು. ಪಟ್ಟಿ ಸಡಿಲಿಸೋಕೆ ಅದರ ತುದಿಯ ಬಾಲ ಸಿಗಲಿಲ್ಲ. ಹುಡುಕಿದೆ. ಎರಡು ಮಡಿಕೆ ಮಾಡಿ ಪಟ್ಟಿಯ ಒಳಗೇ ತುರುಕಿತ್ತು. ಮೂರಕ್ಕೂ ಹಾಗೇ. ಉಗುರಲ್ಲಿ ಕೆದಕಿ ತೆಗೀಬೇಕಾಯ್ತು.”

ಮಗಳು ತಲೆಯೆತ್ತಿದಳು. “ಮಡಿಚಿ ತುರುಕಿತ್ತಾ? ನಮ್ಮಲ್ಲಿ ಯಾರೂ ಹಾಗೆ ಮಾಡಲ್ಲ ಮೇಡಂ. ಬಾಲ ಯಾವಾಗ್ಲೂ ಜೋತಾಡ್ತಾ ಇರ್ಬೇಕು. ನೀರಿಗೆ ಬಿದ್ದವರನ್ನ ಅದನ್ನೇ ಹಿಡಿದು ಎಳೆಯೋದು. ಇಲ್ಲಿ ನೋಡಿ.” ಗೂಟಗಳಲ್ಲಿ ಸಾಲಾಗಿ ನೇತಾಡುತ್ತಿದ್ದ ಜಾಕೆಟ್‌ಗಳನ್ನು ತೋರಿಸಿದಳು. ಒಂದೊಂದರಿಂದಲೂ ಕರಿ ಪಟ್ಟಿಯ ಬಾಲಗಳು ಗೇಣುದ್ದ ಜೋತುಬಿದ್ದಿದ್ದವು.

“ಮೇಷ್ಟ್ರ ಭಾವಮೈದ ಮಾಡಿರಬಹುದಾ?” ಇನ್‌ಸ್ಪೆಕ್ಟರಮ್ಮ ಕೇಳಿದಳು. “ಅವನಿಗೂ ಕಯಾಕ್ ಇದೆಯಲ್ಲ. ಅಕ್ಕನಿಗೆ ಹೊಡೀತಾರೆ ಅಂತ ಮೇಷ್ಟ್ರ ಕತ್ತಿನ ಪಟ್ಟಿ ಹಿಡಿದಿದ್ದ.”

“ಅವನಾ? ಬೂಟಿನ ದಾರವೂ ಕಟ್ಕೊಳ್ಳಲ್ಲ ಮೇಡಂ. ಅವನ ಜಾಕೆಟ್ ನಾನೇ ಬಿಗಿಯೋದು.” ಹುಡುಗಿ ಕೈಯಲ್ಲಿದ್ದ ಜಾಕೆಟ್ ಗೂಟಕ್ಕೆ ಸಿಕ್ಕಿಸಿದಳು. “ಇನ್ನೊಂದಿದೆ. ಹೇಳಿದ್ರೆ ಹುಚ್ಚು ಅಂತೀರಿ.”

“ಹೇಳು.”

“ಅವತ್ತು ಬೆಳಗ್ಗೆ ಮಂಜು ದಟ್ಟವಾಗಿತ್ತು. ಕೆರೆ ಕಡೆಯಿಂದ ಯಾರೋ ಎಣಿಸ್ತಿದ್ದದ್ದು ಕೇಳಿಸ್ತು. ನಿಧಾನವಾಗಿ. ಒಂದು… ಎರಡು… ನನ್ನ ತಲೆಯೊಳಗೇ ಕೇಳಿಸ್ತಿದೆ ಅಂದ್ಕೊಂಡೆ. ಎಷ್ಟೋ ಸಲ ಹಾಗೆ ಕೇಳಿಸುತ್ತೆ ನನಗೆ. ಕಿವಿ ಮುಚ್ಕೊಂಡು ಒಳಗೆ ಬಂದುಬಿಟ್ಟೆ.”

ಹಲಗೆಯ ಕೆಳಗೆ ನೀರು ತಟತಟ ಬಡಿಯುತ್ತಿತ್ತು.

ಬಾಲದ ಮಾತು ಈ ಕೋಣೆ ದಾಟಬಾರದು ಎಂದು ಇಬ್ಬರಿಗೂ ಹೇಳಿ ಇನ್‌ಸ್ಪೆಕ್ಟರಮ್ಮ ಎದ್ದಳು. ಹುಡುಗಿಯನ್ನು ಉಳಿಸಲು ಅವಳ ಕೈಯಲ್ಲಿದ್ದದ್ದು ಆ ಒಂದೇ ತುರುಪಿನ ಎಲೆ. ಅದನ್ನು ಯಾರಿಗೂ ತೋರಿಸಬಾರದು. ಅದಕ್ಕೂ ಮೊದಲು ಒಂದು ಕೆಲಸವಿತ್ತು. ಹಿಂದುಮುಂದಾದ ಜಾಕೆಟ್ ನಿಜವಾಗಿಯೂ ಕೊಲ್ಲುತ್ತದೆಯೇ? ಬಾಯಿಮಾತಿಗೆ ಸಾಹೇಬರು ನಗುತ್ತಾರೆ. ಕಣ್ಣಾರೆ ಕಾಣದ್ದನ್ನು ಅವಳೂ ಬರೆಯಲಾರಳು.

ದೋಣಿಕಟ್ಟೆಯ ತುದಿಯಲ್ಲಿ ಉದ್ದಣ್ಣ ಬಿದಿರುಕೋಲನ್ನು ನೀರಿನಿಂದ ಎಳೆಯುತ್ತಿದ್ದ. “ಮೆಟ್ಟಿಲು ಮುಗಿದ ಮೇಲೆ ಆಳುದ್ದಕ್ಕಿಂತ ಜಾಸ್ತಿ ಇದೆ ಮೇಡಂ. ಏನಂತಾರೆ ಅಪ್ಪ ಮಗಳು?”

“ಜಾಕೆಟ್ ಹಿಂದುಮುಂದಾಗಿತ್ತಂತೆ. ಇದು ಕೊಲೆ, ಉದ್ದಣ್ಣ. ನಾಳೆ ಬಕಲ್‌ಗಳನ್ನ ಪರೀಕ್ಷೆಗೆ ಕಳಿಸ್ತೀನಿ. ಈಗ ಒಂದು ಜಾಕೆಟ್ ಹಾಗೆ ಹಾಕಿ ನೋಡ್ಬೇಕು.”

ಉದ್ದಣ್ಣ ಕೋಲನ್ನು ಹಲಗೆಯ ಮೇಲೆ ಮಲಗಿಸಿದ. ಅಂಚಿಗೆ ಸರಿಯಾಗಿ, ಒಂದಿಷ್ಟೂ ಓರೆಯಾಗದ ಹಾಗೆ.

“ನಾನು ಇಳಿದ್ರೆ ಪ್ರಯೋಜನ ಇಲ್ಲ ಮೇಡಂ. ಈಜು ಬರೋ ಮೈ ತಾನಾಗೇ ಒದೆಯುತ್ತೆ, ತಾನಾಗೇ ಹೊರಳುತ್ತೆ. ಪ್ರಜ್ಞೆ ತಪ್ಪಿದವನ ಹಾಗೆ ಇರ್ಬೇಕು ಅಂದ್ರೆ ಈಜು ಬಾರದವರೇ ಬೇಕು.”

ಈಜು ಬಾರದವಳು ಅವಳೇ. ಅದು ಅವನಿಗೆ ಗೊತ್ತಿತ್ತು.

“ಹೆದರ್ಬೇಡಿ. ಸೊಂಟಕ್ಕೆ ಹಗ್ಗ ಕಟ್ಟೋಣ. ನಾನು ಮೆಟ್ಟಿಲ ಮೇಲೆ ನಿಂತಿರ್ತೀನಿ. ನೀವು ಕೈ ಎತ್ತಿದ್ರೆ ಸಾಕು, ಎಳೆದುಬಿಡ್ತೀನಿ. ಅಪ್ಪ ಮಗಳು ಒಳಗೇ ಇರ್ಲಿ. ಸಂದರ್ಭ ನೋಡಿ ಓಡಿಬಿಟ್ಟಾರು.” ಅವನೇ ಹೋಗಿ ದೋಣಿಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಬಂದ. ಬರುವಾಗ ಒಂದು ಜಾಕೆಟ್ ತಂದ.

ಅವಳು ಸಾಹೇಬರಿಗೆ ಫೋನ್ ಮಾಡಿ, ತಾನೇ ನೀರಿಗಿಳಿದು ಪರೀಕ್ಷೆ ಮಾಡುವುದಾಗಿ ಹೇಳಿದಳು. ಅತ್ತಲಿಂದ ಬಂದದ್ದು ನಗು. “ಮುಳುಗಿದ್ರೆ ನನ್ನ ದೂರಬೇಡಮ್ಮ.” ಸೊಂಟದ ಹಗ್ಗದ ಗಂಟನ್ನು ಅವಳು ಮೂರು ಸಲ ಎಳೆದು ನೋಡಿದಳು. ಇನ್ನೊಂದು ತುದಿ ಉದ್ದಣ್ಣನ ಕೈಯಲ್ಲಿತ್ತು.

ಅವನು ಜಾಕೆಟ್ ಹಿಂದುಮುಂದಾಗಿ ತೊಡಿಸಿ ಅವಳ ಬೆನ್ನ ಹಿಂದೆ ಹೋದ. ಟಕ್. ಟಕ್. ಟಕ್. ಪಟ್ಟಿಗಳು ಬಿಗಿದವು. ಕೆರೆಯ ಆಚೆ ದಡದಲ್ಲಿ ಯಾರೂ ಇರಲಿಲ್ಲ.

ಮೊದಲ ಸಲ ಅವಳು ಹೆದರಿ ಕಾಲು ಬಡಿದಳು. ನೀರು ಮೂಗಿಗೆ ನುಗ್ಗಿತು. ಕೈ ಎತ್ತುವುದೇ ತಡ ಹಗ್ಗ ಬಿಗಿಯಿತು, ಮೆಟ್ಟಿಲು ಕಾಲಿಗೆ ಸಿಕ್ಕಿತು. ಅವಳು ಕೆಮ್ಮುತ್ತ ನಿಂತಳು.

“ನೋಡಿದ್ರಾ, ಎಷ್ಟು ಬೇಗ ಎಳೆದೆ?” ಉದ್ದಣ್ಣ ನಕ್ಕ. “ಸಾಕಾ?”

ಸಾಕು ಎನ್ನಬಹುದಿತ್ತು. ಆದರೆ ಕಾಲು ಬಡಿದರೆ ಅದು ಪರೀಕ್ಷೆಯೇ? ನಾಳೆ ಯಾರಾದರೂ ಕೇಳಿದರೆ ಏನು ಹೇಳುವುದು? “ಇನ್ನೊಂದು ಸಲ,” ಎಂದಳು. “ಈ ಸಲ ಹೆಣದ ಹಾಗಿರ್ತೀನಿ.”

ಮೈ ಸಡಿಲ ಬಿಟ್ಟಳು. ಬೆನ್ನ ಮೇಲಿನ ಫೋಮ್ ಮೇಲಕ್ಕೆದ್ದಿತು, ಮುಖ ಕೆಳಕ್ಕೆ ಹೋಯಿತು, ಅಲ್ಲೇ ನಿಂತಿತು. ಹೌದು, ಹೀಗೆಯೇ ಮೇಷ್ಟ್ರು ಸತ್ತದ್ದು. ಹಸಿರು ನೀರು, ತನ್ನದೇ ಗುಳ್ಳೆಗಳು. ಎಲ್ಲವೂ ತಿಳಿಯಾಯಿತು. ಬಕಲ್ ಬೆನ್ನುಮೂಳೆಗೆ ಒತ್ತುತ್ತಿತ್ತು. ಎಲ್ಲಿ ಒತ್ತುತ್ತದೆ ಎಂದು ನೆನಪಿಟ್ಟುಕೊಳ್ಳಲು ಅವಳು ಕೈಯನ್ನು ನಿಧಾನವಾಗಿ ಸೊಂಟದ ಹಿಂದಕ್ಕೆ ಒಯ್ದಳು.

ಕೆಳಗಿನ ಬಕಲ್ ಸಿಕ್ಕಿತು. ಪಟ್ಟಿ ಸಿಕ್ಕಿತು. ಗೇಣುದ್ದ ಜೋತಾಡಬೇಕಾದ ಬಾಲ ಸಿಗಲಿಲ್ಲ.

ಬೆರಳು ತಡಕಿತು. ಒಂದು ಮಡಿಕೆ. ಅದರ ಮೇಲೆ ಇನ್ನೊಂದು ಮಡಿಕೆ. ತುದಿ ಒಳಗೆ, ಅಚ್ಚುಕಟ್ಟಾಗಿ, ಬೆಲ್ಟಿನ ತುದಿಯ ಹಾಗೆ.

ಅವಳು ಕೈ ಎತ್ತಿದಳು.

ಹಗ್ಗ ಬಿಗಿಯಲಿಲ್ಲ. ಮತ್ತೆ ಎತ್ತಿದಳು, ಬಡಿದಳು, ಹೊರಳಲು ನೋಡಿದಳು. ಜಾಕೆಟ್ ಅವಳನ್ನು ಮತ್ತೆ ಬೋರಲು ಹಾಕಿತು. ಸಡಿಲವಾದ ಹಗ್ಗ ಹಾವಿನಂತೆ ಅವಳ ಮುಖದ ಪಕ್ಕದಲ್ಲೇ ತೇಲಿ ಬಂತು. ಅದರ ಇನ್ನೊಂದು ತುದಿಯೂ ನೀರಿನಲ್ಲೇ ಇತ್ತು.

ಮೇಲೆಲ್ಲೋ, ನೀರಿನ ಆಚೆ, ಪರಿಚಿತ ದನಿಯೊಂದು ಅವಸರವಿಲ್ಲದೆ ಎಣಿಸತೊಡಗಿತು.

“ಒಂದು…”